ಸುಬೇದಾರ್ ಅಜ್ಜನ ಎರಡನೇ ನೌಕರಿ

(ಮಾಜಿ ಸೈನಿಕರ ದಿನದಂದು ಚಿತ್ರದುರ್ಗದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ಮಾತ್ರ ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿಯ ಗಡಿಬಿಡಿಯಲ್ಲೂ ಇಷ್ಟು ಜನ ಬಂದಿದ್ದೀರಿ. ಹಿಂದಿನ ಸಾಲಿನಲ್ಲಿ ನಿಂತಿರುವವರು ದಯವಿಟ್ಟು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ.

ಮಾಜಿ ಸೈನಿಕರ ದಿನ ಜನವರಿ 14ಕ್ಕೇ ಯಾಕೆ ಅಂತ ಬಾಗಿಲಲ್ಲಿ ಒಬ್ಬ ಹುಡುಗ ಕೇಳಿದ. ಜನವರಿ 15 ಸೇನಾ ದಿನ ಅನ್ನೋದು ತುಂಬಾ ಜನರಿಗೆ ಗೊತ್ತು. 1949ರಲ್ಲಿ ಅವತ್ತೇ ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪನವರು ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾಗಿ ಅಧಿಕಾರ ತೆಗೆದುಕೊಂಡರು. ಅವತ್ತು ಪರೇಡು, ಬ್ಯಾಂಡು, ಟಿವಿ ಎಲ್ಲ ಇರುತ್ತದೆ. ಅದರ ಹಿಂದಿನ ದಿನ, 14, ಅದೇ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದ ದಿನ. ಅದನ್ನು ಮಾಜಿ ಸೈನಿಕರಿಗೆ ಕೊಟ್ಟಿದ್ದಾರೆ. ನನಗೆ ಈ ಆಯ್ಕೆ ಬಹಳ ಹಿಡಿಸಿದೆ. ಒಬ್ಬ ಸೈನಿಕ ಕೆಲಸ ಮುಗಿಸಿ ಮನೆ ಕಡೆ ಹೊರಟ ದಿನ ಅದು. ಕಾರ್ಯಪ್ಪನವರು ತೀರಿಕೊಂಡದ್ದು 1993ರಲ್ಲಿ. ಲೆಕ್ಕ ಹಾಕಿ ನೋಡಿ. ಸಮವಸ್ತ್ರ ಕಳಚಿದ ಮೇಲೆ ನಲವತ್ತು ವರ್ಷ ಬದುಕಿದರು. ಸೇನೆಯಲ್ಲಿದ್ದದ್ದಕ್ಕಿಂತ ಜಾಸ್ತಿ.

ನಾವು ಇವತ್ತು ನೆನೆಯಲು ಸೇರಿರುವ ಅಜ್ಜನ ಲೆಕ್ಕವೂ ಹಾಗೇ. ನೌಕರಿ ಇಪ್ಪತ್ತೈದು ವರ್ಷದ ಆಸುಪಾಸು. ಆಮೇಲೆ ಬದುಕಿದ್ದು ನಲವತ್ತೈದರ ಹತ್ತಿರ. ಆದರೂ ನಾವು ಯಾರನ್ನಾದರೂ ಪರಿಚಯಿಸುವಾಗ ಏನು ಮಾಡುತ್ತೇವೆ? '62, 65, 71, ಮೂರು ಯುದ್ಧ ಕಂಡವರು' ಅಂತ ಹೇಳಿ ಶಾಲು ಹೊದಿಸುತ್ತೇವೆ. ಉಳಿದ ನಲವತ್ತೈದು ವರ್ಷ ಅವರು ಸುಮ್ನೆ ಜಗಲಿ ಮೇಲೆ ಕೂತಿದ್ದರು ಅಂತಲಾ?

ಅವರ ಹೆಸರು ಹೇಳುವುದಿಲ್ಲ. ಮನೆಯವರು ಬೇಡ ಅಂದಿದ್ದಾರೆ. ಭರಮಸಾಗರದ ಕಡೆ ಸುಬೇದಾರ್ ಅಜ್ಜ ಅಂದರೆ ಹೇಗೂ ಎಲ್ಲರಿಗೂ ಗೊತ್ತು. ನಾನು ಅವರ ನೆಂಟನಲ್ಲ, ಅವರ ಜೊತೆ ಸೇನೆಯಲ್ಲಿ ಇದ್ದವನೂ ಅಲ್ಲ. ಇದೇ ಊರಿನ ಒಂದು ಬ್ಯಾಂಕಿನಲ್ಲಿ ಪಿಂಚಣಿ ಕೌಂಟರಿನ ಒಳಗೆ ಕೂತಿದ್ದವನು. ಅಜ್ಜ ಕೌಂಟರಿನ ಹೊರಗೆ ನಿಂತಿದ್ದವರು. ನಮ್ಮ ಸ್ನೇಹ ಶುರುವಾದದ್ದು ಜಗಳದಿಂದ.

ಮೊದಲು ಸೇನೆಯ ಮಾತು ಮುಗಿಸಿಬಿಡುತ್ತೇನೆ.

ಐವತ್ತರ ದಶಕದಲ್ಲಿ ಅಜ್ಜ ಭರ್ತಿಯಾದರು. ಯಾಕೆ ಸೇರಿದಿರಿ ಅಂತ ಶಾಲೆ ಮಕ್ಕಳು ಕೇಳಿದರೆ ಮೇಷ್ಟ್ರುಗಳು ಮುಜುಗರಪಡುವಂಥ ಉತ್ತರ ಕೊಡುತ್ತಿದ್ದರು. 'ಆಗ ಬರ ಕಣಪ್ಪ. ಮಿಲ್ಟ್ರೀಲಿ ಮೂರು ಹೊತ್ತು ಊಟ ಹಾಕ್ತಾರೆ ಅಂದ್ರು, ಹೋದೆ. ಮೊದ್ಲು ಬಂದಿದ್ದು ಹಸಿವು, ದೇಶದ ಮೇಲಿನ ಪ್ರೀತಿ ಆಮೇಲೆ ಬಂತು.' ದುರ್ಗದ ಜಿಲ್ಲೆಯ ಮಳೆಯ ಕಥೆ ಗೊತ್ತಿರುವ ಯಾರಿಗೂ ಈ ಮಾತಿನಲ್ಲಿ ಆಶ್ಚರ್ಯ ಇಲ್ಲ.

ಸೇರಿದ್ದು ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ. 1780ರಷ್ಟು ಹಳೆಯ ಪಡೆ. ಅಲ್ಲಿನವರನ್ನು ಸೇನೆಯಲ್ಲಿ ಪ್ರೀತಿಯಿಂದ 'ತಂಬಿ' ಅನ್ನುತ್ತಾರೆ. ಅಜ್ಜ ತೊಂಬತ್ತರ ವಯಸ್ಸಿನಲ್ಲೂ ತಮಿಳು ಚೆನ್ನಾಗಿ ಮಾತಾಡುತ್ತಿದ್ದದ್ದು ಅದಕ್ಕೇ. ಸ್ಯಾಪರ್‌ಗಳು ಅಂದರೆ ಸೇನೆ ಹೋಗುವ ದಾರಿಯನ್ನು ಮೊದಲು ಹೋಗಿ ಮಾಡುವವರು. ಸೇತುವೆ ಕಟ್ಟಬೇಕು, ರಸ್ತೆ ಕಡಿಯಬೇಕು, ನೀರಿನ ವ್ಯವಸ್ಥೆ ಮಾಡಬೇಕು, ಕಕ್ಕಸು ತೋಡಬೇಕು. ನೆಲದಲ್ಲಿ ಹುದುಗಿಸಿದ ಮೈನ್ ತೆಗೆಯಬೇಕು.

ಮೈನ್ ತೆಗೆಯುವುದು ಹೇಗೆ ಅಂತ ಒಂದು ಸಲ ಬ್ಯಾಂಕಿನ ಟೇಬಲ್ ಮೇಲೆ ಪೆನ್ನು ಇಟ್ಟು ತೋರಿಸಿದ್ದರು. ಹೊಟ್ಟೆ ಮೇಲೆ ಮಲಗಬೇಕು. ಕೈಯಲ್ಲಿ ಉದ್ದನೆಯ ಚೂಪು ಸಲಾಕೆ. ಅದನ್ನು ನೆಟ್ಟಗೆ ಚುಚ್ಚಿದರೆ ಮೈನಿನ ನೆತ್ತಿಗೆ ತಾಗುತ್ತದೆ, ಸತ್ತಿರಿ. ಓರೆಯಾಗಿ ಚುಚ್ಚಬೇಕು, ಆಗ ಮೈನಿನ ಪಕ್ಕೆಗೆ ತಾಗುತ್ತದೆ. ಒಂದು ಗೇಣು ಆಯಿತಾ, ಮುಂದಿನ ಗೇಣು. ತೆಗೆದಷ್ಟು ಜಾಗದ ಎರಡೂ ಬದಿಗೆ ಬಿಳಿ ಪಟ್ಟಿ ಕಟ್ಟುತ್ತಾ ಹೋಗಬೇಕು, ಹಿಂದೆ ಬರುವವರಿಗೆ ದಾರಿ ತಿಳಿಯಲಿ ಅಂತ. ಟ್ಯಾಂಕಿಗೆ ಇಟ್ಟ ಮೈನು ಮನುಷ್ಯ ತುಳಿದರೆ ಸಾಮಾನ್ಯವಾಗಿ ಸಿಡಿಯುವುದಿಲ್ಲ. ಆದರೆ ಅದರ ನಡುವೆ ಮನುಷ್ಯರಿಗೆ ಅಂತಲೇ ಸಣ್ಣವನ್ನು ಇಟ್ಟಿರುತ್ತಾರೆ.

1971ರ ಡಿಸೆಂಬರ್‌ನಲ್ಲಿ ಅಜ್ಜ ಪಾಕಿಸ್ತಾನದ ಗಡಿಯ ಶಕರ್‌ಗಢದ ಕಡೆ ಇದ್ದರು. ಅಲ್ಲಿನ ಬಸಂತರ್ ನದಿಯ ಯುದ್ಧ ದೊಡ್ಡದು. ಡಿಸೆಂಬರ್ 15ರ ರಾತ್ರಿ ಎಂಜಿನಿಯರ್‌ಗಳು ಮೈನ್ ತೆಗೆಯುತ್ತಾ ಇನ್ನೂ ಅರ್ಧ ದಾರಿಯಲ್ಲಿದ್ದರು. ನದಿಯ ಆಚೆ ಸೇರಿದ್ದ ನಮ್ಮ ಪದಾತಿ ದಳಕ್ಕೆ ಟ್ಯಾಂಕು ತುರ್ತಾಗಿ ಬೇಕಿತ್ತು. ಪೂನಾ ಹಾರ್ಸ್‌ನ ಟ್ಯಾಂಕುಗಳು ಕಾಯದೆ ಆ ಮೈನಿನ ನೆಲದ ಮೇಲೇ ಹೊರಟವು. ಮರುದಿನ ಅಲ್ಲಿ ಹೋರಾಡಿ ಮಡಿದ ಅರುಣ್ ಖೇತರ್‌ಪಾಲ್‌ಗೆ ಪರಮವೀರ ಚಕ್ರ ಬಂತು. ಇಪ್ಪತ್ತೊಂದು ವರ್ಷದ ಹುಡುಗ. ಅವರ ಹೆಸರು ಹೆಚ್ಚಿನವರಿಗೆ ಗೊತ್ತು. ಅದೇ ಕಡೆ ಮೈನ್ ತೆಗೆಯುವ ಕೆಲಸ ನಡೆಸುತ್ತಾ ಸತ್ತ ಎಂಜಿನಿಯರ್ ಅಧಿಕಾರಿ ಮೇಜರ್ ವಿಜಯ್ ರತನ್ ಚೌಧರಿ. ಅವರಿಗೆ ಮಹಾವೀರ ಚಕ್ರ ಬಂತು. ಈ ಹೆಸರು ಗೊತ್ತಿರುವವರು ಸಭೆಯಲ್ಲಿ ಕೈ ಎತ್ತಿ. ನೋಡಿ, ಸೇನೆಯಲ್ಲಿ ಇದ್ದವರು ಮಾತ್ರ ಎತ್ತಿದ್ದೀರಿ. ಅಜ್ಜ ಖೇತರ್‌ಪಾಲ್ ಹೆಸರು ಹೇಳಿದಾಗಲೆಲ್ಲ ಪಕ್ಕದಲ್ಲೇ ಚೌಧರಿ ಹೆಸರನ್ನೂ ಹೇಳುತ್ತಿದ್ದರು. ಬಿಟ್ಟದ್ದನ್ನು ನಾನು ಕಂಡಿಲ್ಲ.

ಡಿಸೆಂಬರ್ 17ಕ್ಕೆ ಕದನ ನಿಂತಿತು. ಆಕಾಶವಾಣಿಯ ಕನ್ನಡ ವಾರ್ತೆಯಲ್ಲಿ ಯುದ್ಧ ಮುಗಿಯಿತು ಅಂದರು. ಊರಲ್ಲಿ ಅಜ್ಜಿ ಮನೆ ಸಾರಿಸಿ, ರಂಗೋಲಿ ಹಾಕಿ, ಹೋಳಿಗೆಗೆ ಬೇಳೆ ತರಿಸಿದರು. ಗಂಡ ಬರಲಿಲ್ಲ. ಸಂಕ್ರಾಂತಿಗೆ ಬರಲಿಲ್ಲ, ಯುಗಾದಿಗೂ ಬರಲಿಲ್ಲ. ಯಾಕೆ ಗೊತ್ತಾ? ಯುದ್ಧ ನಿಂತ ಮೇಲೆ ಎಂಜಿನಿಯರ್‌ಗಳ ಕೆಲಸ ಜಾಸ್ತಿಯಾಗುತ್ತದೆ. ಎರಡೂ ಕಡೆಯವರು ಇಟ್ಟ ಮೈನು ನೆಲದಲ್ಲೇ ಇರುತ್ತದೆ. ರೈತರು ಮತ್ತೆ ಉಳಬೇಕು. ಅದನ್ನು ಯಾರೋ ತೆಗೆಯಬೇಕಲ್ಲ. ರೇಡಿಯೊ ಪ್ರಕಾರ ಶಾಂತಿ. ಅಜ್ಜ ಮಾತ್ರ ದಿನಾ ಬೆಳಿಗ್ಗೆ ಎದ್ದು ಹೊಟ್ಟೆ ಮೇಲೆ ಮಲಗುತ್ತಿದ್ದರು.

ಅವರು ಯುದ್ಧದ ಬಗ್ಗೆ ಬಾಯಿ ಬಿಟ್ಟು ಹೇಳಿದ್ದು ಹೆಚ್ಚುಕಡಿಮೆ ಇಷ್ಟೇ. ಇನ್ನು ಅಜ್ಜಿಯ ಕಡೆ ಬರೋಣ.

ಆ ಮನೆಗೆ ಇಪ್ಪತ್ತೈದು ವರ್ಷ ಗಂಡನ ವಿಳಾಸ ಅಂದರೆ ಒಂದು ನಂಬರು. ನಂಬರ್, ರ‍್ಯಾಂಕ್, ಹೆಸರು, ಯೂನಿಟ್, ಕೇರ್ ಆಫ್ 56 ಎಪಿಓ, ಅಂದರೆ ಸೇನೆಯ ಅಂಚೆ ಕಚೇರಿ. ಮನುಷ್ಯ ಕಾಶ್ಮೀರದಲ್ಲಿದ್ದರೂ ಅದೇ, ಪಂಜಾಬಿನಲ್ಲಿದ್ದರೂ ಅದೇ. ಅಸ್ಸಾಂ ಕಡೆ ಹೋದಾಗ ಅದು 99 ಎಪಿಓ ಆಯಿತು. ನಂಬರು ಬದಲಾಯಿತು ಅಂತ ಅಜ್ಜಿಗೆ ಎರಡು ರಾತ್ರಿ ನಿದ್ದೆ ಬರಲಿಲ್ಲವಂತೆ. ಅಜ್ಜಿಗೆ ಓದು ಬರಹ ಇರಲಿಲ್ಲ. ಪೋಸ್ಟ್‌ಮ್ಯಾನ್ ಬಂದು ಇನ್‌ಲ್ಯಾಂಡ್ ಲೆಟರ್ ಓದಿ ಹೇಳಬೇಕು, ಉತ್ತರವನ್ನೂ ಅವನೇ ಬರೆಯಬೇಕು. 'ಇತ್ತ ನಾವು ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ.' ಊರಿನ ಪೋಸ್ಟ್‌ಮ್ಯಾನ್ ಎದುರಿಗೆ ಗಂಡನಿಗೆ ಇನ್ನೇನು ಬರೆಸಲಿಕ್ಕಾಗುತ್ತದೆ ಹೇಳಿ? ಎರಡು ಮಗು ಹುಟ್ಟಿದ್ದು, ಅತ್ತೆ ಸತ್ತಿದ್ದು, ಹಸು ಸತ್ತಿದ್ದು, ಶೇಂಗಾ ಒಣಗಿಹೋಗಿದ್ದು ಎಲ್ಲ ಆ 'ಕ್ಷೇಮ'ದ ಒಳಗೇ ಇತ್ತು.

ತಿಂಗಳಿಗೊಂದು ಮನಿಯಾರ್ಡರ್. ವರ್ಷಕ್ಕೊಮ್ಮೆ ರಜೆ. ಆಗೆಲ್ಲ ಮೀಟರ್ ಗೇಜ್ ರೈಲು. ಚಿಕ್ಕಜಾಜೂರಿನಲ್ಲಿ ಇಳಿದು, ಕಪ್ಪು ಟ್ರಂಕು, ಹೋಲ್ಡಾಲು ಹೊತ್ತು, ಸಿಕ್ಕ ಗಾಡಿ ಹತ್ತಿ ಊರು ಸೇರಬೇಕು. ಗುರುತು ಸಿಗದ ಗಂಡಸು ಟ್ರಂಕು ಇಳಿಸಿದ್ದು ನೋಡಿ ದೊಡ್ಡ ಮಗಳು ಒಳಗೋಡಿ 'ಯಾರೋ ಬಂದವ್ರೆ' ಅಂದಳಂತೆ. ಇದು ಬಹಳ ಮಿಲ್ಟ್ರಿ ಮನೆಗಳಲ್ಲಿ ಆಗಿರುವ ಕಥೆ. ಇಲ್ಲಿ ಕೂತ ತಾಯಂದಿರು ತಲೆ ಆಡಿಸುತ್ತಿದ್ದೀರಿ.

ನಾವು ದುರ್ಗದವರು ಇದನ್ನು ಬೇರೆ ಊರಿನವರಿಗಿಂತ ಬೇಗ ಅರ್ಥ ಮಾಡಿಕೊಳ್ಳಬೇಕು. ನಮ್ಮ ಊರಿನ ಅತಿ ದೊಡ್ಡ ಯುದ್ಧದ ನೆನಪು ಯಾರದು? ಮದಕರಿ ನಾಯಕನದು ಇದೆ, ಸರಿ. ಆದರೆ ಕ್ರೀಡಾಂಗಣಕ್ಕೆ ಇಟ್ಟ ಹೆಸರು, ನವೆಂಬರ್ 11ಕ್ಕೆ ಸರ್ಕಾರ ಜಯಂತಿ ಮಾಡುವ ಹೆಸರು ಓಬವ್ವನದು. ಓಬವ್ವ ಯಾರು? ಕೋಟೆ ಕಾಯುವವನ ಹೆಂಡತಿ. ಗಂಡ ಊಟಕ್ಕೆ ಮನೆಗೆ ಬಂದಿದ್ದ. ಅವಳು ನೀರಿಗೆ ಹೋದಳು. ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುತ್ತಿದ್ದದ್ದು ಕಂಡಿತು. ಗಂಡನನ್ನು ಊಟದಿಂದ ಎಬ್ಬಿಸಲಿಲ್ಲ, ಒನಕೆ ತೆಗೆದುಕೊಂಡಳು. ಈ ಕಥೆಯಲ್ಲಿ ನನಗೆ ಮುಖ್ಯ ಅನಿಸುವುದು ಒನಕೆಗಿಂತ ಆ ಊಟ. ಸೈನಿಕ ಉಣ್ಣುವ ಹೊತ್ತಿನಲ್ಲಿ ಕಾವಲು ಮನೆಯವಳ ಪಾಲಿಗೆ ಬಂತು. ಅಜ್ಜಿಯ ಪಾಲಿಗೆ ಅದು ಇಪ್ಪತ್ತೈದು ವರ್ಷ ಬಂತು. ಬಿತ್ತನೆ, ಸಾಲ, ಮಕ್ಕಳ ಜ್ವರ, ಪಾಲಿನ ಜಗಳ, ಎಲ್ಲವೂ.

ಅಜ್ಜನಿಗೆ ಇದು ಗೊತ್ತಿತ್ತಾ? ಆಗ ಗೊತ್ತಿರಲಿಲ್ಲ. ಅವರೇ ಹೇಳಿದ್ದು. ದೊಡ್ಡ ಮಗಳನ್ನು ಏಳನೇ ಕ್ಲಾಸಿಗೆ ಬಿಡಿಸಿ ಬೇಗ ಮದುವೆ ಮಾಡಿದ್ದು ಅವರು ಗಡಿಯಿಂದ ಬರೆದ ಒಂದು ಪತ್ರದ ಮೇಲೆ. ಹುಡುಗಿ ಓದಬೇಕು ಅಂತ ಅಳುತ್ತಿದ್ದಳು, ಅಜ್ಜಿಗೂ ಮನಸ್ಸಿರಲಿಲ್ಲ. ಆದರೆ 'ಕ್ಷೇಮ'ದ ಪತ್ರದಲ್ಲಿ ಅದು ಹೋಗಲಿಲ್ಲ. ಆ ಮಗಳು ಇವತ್ತು ಇಲ್ಲೇ ಇದ್ದಾರೆ. ಅವರ ಒಪ್ಪಿಗೆ ಕೇಳಿಯೇ ಈ ಮಾತು ಹೇಳುತ್ತಿದ್ದೇನೆ. 'ಹೇಳಿ ಅಣ್ಣ, ಅಪ್ಪನೂ ಎಲ್ಲರ ಮುಂದೆ ಹೇಳ್ತಿದ್ರು' ಅಂದರು.

ಎಪ್ಪತ್ತರ ದಶಕದ ಕೊನೆಗೆ ಅಜ್ಜ ಸುಬೇದಾರ್ ಆಗಿ ಮನೆಗೆ ಬಂದರು. ವಯಸ್ಸು ಇನ್ನೂ ಐವತ್ತು ಆಗಿರಲಿಲ್ಲ. ಬಂದವರೇ ಮನೆಯನ್ನು ಬ್ಯಾರಕ್ ಮಾಡಲು ನೋಡಿದರು. ಬೆಳಿಗ್ಗೆ ಐದಕ್ಕೆ ಎಲ್ಲರೂ ಏಳಬೇಕು. ಚಪ್ಪಲಿ ಸಾಲಾಗಿ ಇಡಬೇಕು. ಅಜ್ಜಿ ಒಂದು ವಾರ ಸುಮ್ಮನಿದ್ದರು. ಎಂಟನೇ ದಿನ ಒಲೆ ಮುಂದಿನಿಂದಲೇ, ತಿರುಗಿಯೂ ನೋಡದೆ ಅಂದರಂತೆ. 'ನೋಡ್ರಿ, ನೀವು ಇಲ್ದಾಗ್ಲೂ ಈ ಮನೆ ನಡೀತಿತ್ತು. ಇರೋದಾದ್ರೆ ನಿಮಗೂ ಒಂದು ಕೆಲ್ಸ ಕೊಡ್ತೀನಿ, ಮಾಡ್ರಿ.'

ಕೊಟ್ಟ ಕೆಲಸ ಏನು ಅಂದುಕೊಂಡಿರಿ? ಚಿಕ್ಕ ಮಗಳ ಜಡೆ ಹಾಕುವುದು. ಅಜ್ಜಿಗೆ ಬೆಳಿಗ್ಗೆ ಹೊಲಕ್ಕೆ ಹೋಗುವ ಅವಸರ. ಅಜ್ಜ ಸ್ಯಾಪರ್ ಅಲ್ವಾ, ಸೇತುವೆಗೆ ಹಗ್ಗ ಬಿಗಿದ ಕೈ. ಜಡೆಯ ಕೊನೆಗೆ ರಿಬ್ಬನ್ನಿನಲ್ಲಿ ಎಂಥ ಗಂಟು ಹಾಕುತ್ತಿದ್ದರು ಅಂದರೆ ಸಂಜೆ ಬಿಚ್ಚಲು ಅರ್ಧ ಗಂಟೆ ಬೇಕಿತ್ತಂತೆ. ಮೇಷ್ಟ್ರು ಕ್ಲಾಸಿನಲ್ಲಿ 'ಇದೇನಮ್ಮ, ಎತ್ತು ಕಟ್ಟಿದ ಹಾಗಿದೆ' ಅಂದರಂತೆ. ಆದರೆ ಅಜ್ಜ ಬಿಡಲಿಲ್ಲ. ಆ ಮಗಳನ್ನು ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿಟ್ಟು ಡಿಗ್ರಿ ಓದಿಸಿದರು. ಹಾಸ್ಟೆಲಿಗೆ ನೋಡಲು ಹೋದಾಗಲೆಲ್ಲ ಹುಡುಗಿಯರ ಇಡೀ ರೂಮಿಗೆ ಬೆಣ್ಣೆ ದೋಸೆ ಕೊಡಿಸುತ್ತಿದ್ದರಂತೆ. ಮುಂದೆ ಮೊಮ್ಮಕ್ಕಳ ಜಡೆಯೂ ಅವರದೇ ಪಾಲಿಗೆ ಬಂತು. ಆ ಹೊತ್ತಿಗೆ ಗಂಟು ಸ್ವಲ್ಪ ಸಡಿಲವಾಗಿತ್ತು.

ಅವರನ್ನು ಸಂತ ಮಾಡುವುದು ಬೇಡ. ಮುಂಗೋಪಿ. ಇಸ್ಪೀಟಿನಲ್ಲಿ ಸೋತರೆ ಎರಡು ದಿನ ಮಾತು ಬಿಡುತ್ತಿದ್ದರು. ರಾತ್ರಿ ಒಂದು ಪೆಗ್ ಮಿಲ್ಟ್ರಿ ಕ್ಯಾಂಟೀನ್ ರಮ್ ಇರಲೇಬೇಕು. ಆ ಕ್ಯಾಂಟೀನ್ ಕಾರ್ಡಿನಿಂದಾಗಿ ಅವರಿಗೆ ಇದ್ದ ನೆಂಟರ ಸಂಖ್ಯೆ ಜಿಲ್ಲೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ ಅಂತ ನನ್ನ ಅನುಮಾನ. ಒಬ್ಬರಿಗೆ ಕುಕ್ಕರ್ ಬೇಕು, ಒಬ್ಬರಿಗೆ ಸೋಪು, ಉಳಿದವರಿಗೆ ಏನು ಬೇಕು ಅಂತ ನಾನು ಹೇಳಬೇಕಾಗಿಲ್ಲ.

ಈಗ ನಾನು ನಿಜಕ್ಕೂ ಹೇಳಬೇಕೆಂದುಕೊಂಡು ಬಂದ ಮಾತಿಗೆ ಬರುತ್ತೇನೆ. ಅವರ ಎರಡನೇ ನೌಕರಿ. ಸಂಬಳ ಇಲ್ಲದ್ದು.

ನಿವೃತ್ತಿಯಾಗಿ ಕೆಲವು ವರ್ಷ ಆದಮೇಲೆ ಪಕ್ಕದ ಊರಿನ ಒಬ್ಬ ಮಾಜಿ ಹವಾಲ್ದಾರರು ತೀರಿಕೊಂಡರು. ಅವರ ಹೆಂಡತಿಗೆ ಕುಟುಂಬ ಪಿಂಚಣಿ ಬರಬೇಕು. ಬರಲಿಲ್ಲ. ಕಾರಣ, ಸೇನೆಯ ದಾಖಲೆಯಲ್ಲಿ ಆತನಿಗೆ ಮದುವೆಯೇ ಆಗಿರಲಿಲ್ಲ. ನಾಲ್ಕು ಮಕ್ಕಳ ತಾಯಿ ಕಣ್ಣೆದುರಿಗೆ ನಿಂತಿದ್ದಾಳೆ, ಕಾಗದದಲ್ಲಿ ಹೆಂಡತಿ ಇಲ್ಲ. ರಜೆಯಲ್ಲಿ ಬಂದು ಮದುವೆಯಾಗಿ ಹೋದ ಹುಡುಗ ಯೂನಿಟ್ಟಿಗೆ ತಿಳಿಸಿರಲಿಲ್ಲ. ತಿಳಿಸಿದರೆ 'ಪಾರ್ಟ್ ಟೂ ಆರ್ಡರ್' ಅಂತ ಒಂದು ಹೊರಡುತ್ತದೆ. ಮದುವೆ, ಮಕ್ಕಳ ಹುಟ್ಟು, ಎಲ್ಲ ಅದರಲ್ಲಿ ಬಂದು ರೆಕಾರ್ಡ್ ಆಫೀಸಿನ ಪುಸ್ತಕಕ್ಕೆ ಏರಬೇಕು. ಏರದಿದ್ದರೆ ಸೇನೆಯ ಮಟ್ಟಿಗೆ ಆ ಹೆಂಡತಿ ಇಲ್ಲ, ಆ ಮಗು ಇಲ್ಲ.

ಅಜ್ಜ ಇದರ ಹಿಂದೆ ಬಿದ್ದರು. ತಹಶೀಲ್ದಾರರ ಪತ್ರ, ಮದುವೆಗೆ ಬಂದಿದ್ದವರ ಅಫಿಡವಿಟ್ಟು, ಮಕ್ಕಳ ಶಾಲೆ ದಾಖಲೆ, ಬೆಂಗಳೂರಿನ ರೆಕಾರ್ಡ್ ಆಫೀಸು, ಅಲಹಾಬಾದಿನ ಪಿಂಚಣಿ ಲೆಕ್ಕಪತ್ರ ಕಚೇರಿ. ಕೊನೆಗೆ ಆ ತಾಯಿಗೆ ಹಣ ಬಂತು, ಬಾಕಿ ಸಮೇತ. ಸುದ್ದಿ ಹರಡಿತು. ಆಮೇಲೆ ಅಜ್ಜನ ಜಗಲಿ ಖಾಲಿ ಇದ್ದದ್ದೇ ಇಲ್ಲ. ಆಗ ಅವರು ಹೊಸ ಹುಡುಗರಿಗೆ ಹೇಳಲು ಶುರು ಮಾಡಿದ ಮಾತು ಇಲ್ಲಿನ ಬಹಳ ಜನರಿಗೆ ಗೊತ್ತು. 'ಹೆಂಡ್ತಿ ಮನೇಲಿದ್ರೆ ಸಾಲ್ದು ಕಣಪ್ಪ, ಪಾರ್ಟ್ ಟೂ ಆರ್ಡರ್‌ನಾಗೂ ಇರ್ಬೇಕು.'

ನಮ್ಮ ಕಡೆ ಹೆಸರಿನ ತೊಂದರೆ ಬೇರೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಭಕ್ತರ ನಾಡು ಇದು. ಮನೆಗೊಬ್ಬ ತಿಪ್ಪೇಸ್ವಾಮಿ, ಮನೆಗೊಬ್ಬಳು ತಿಪ್ಪಮ್ಮ. ಸೇನೆಯ ಗುಮಾಸ್ತ ಉತ್ತರದವನು, ಅವನ ಕಿವಿಗೆ ಬಿದ್ದದ್ದನ್ನು ಇಂಗ್ಲಿಷಿನಲ್ಲಿ ಬರೆದ. ಪಡಿತರ ಚೀಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಮೂರು ಹೆಸರಿಗೂ ಒಬ್ಬಳೇ ಅಂತ ಸಾಬೀತು ಮಾಡಬೇಕು. ಅದರ ಮೇಲೆ ಜಿಲ್ಲೆ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಬೇರೆ ಜಿಲ್ಲೆಯಾಯಿತು. ದಾವಣಗೆರೆ, ಹರಿಹರ, ಜಗಳೂರಿನ ಮಾಜಿ ಸೈನಿಕರ ಹಳೆ ಕಾಗದದಲ್ಲೆಲ್ಲ ಚಿತ್ರದುರ್ಗ, ಹೊಸದರಲ್ಲೆಲ್ಲ ದಾವಣಗೆರೆ. ಹರಪನಹಳ್ಳಿಯವರ ಪಾಡು ಇನ್ನೂ ಮಜಾ. ಮೊದಲು ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. 'ಯೂನಿಟ್‌ನಾಗಿದ್ದಾಗ್ಲೂ ನಾನು ಇಷ್ಟು ಟ್ರಾನ್ಸ್‌ಫರ್ ಆಗಿರ್ಲಿಲ್ಲ' ಅಂತ ಅಲ್ಲಿನ ಒಬ್ಬರು ಅಜ್ಜನ ಹತ್ತಿರ ಗೋಳಾಡುತ್ತಿದ್ದರು.

ಇನ್ನು ನಮ್ಮ ಜಗಳದ ಕಥೆ. ಒಂದು ದಿನ ಅಜ್ಜ ಒಬ್ಬ ವಿಧವೆಯನ್ನು ಕರೆದುಕೊಂಡು ನಮ್ಮ ಕೌಂಟರಿಗೆ ಬಂದರು. ಪಾಸ್‌ಬುಕ್ ಟೇಬಲ್ ಮೇಲೆ ಕುಟ್ಟಿ, 'ಮ್ಯಾನೇಜರ್ರೇ, ಈ ಯಮ್ಮನ ದುಡ್ಡು ಯಾರು ತಿಂದ್ರು?' ಅಂದರು. ನಾನು ಆಗ ಗುಮಾಸ್ತ. ನಿವೃತ್ತನಾಗುವವರೆಗೂ ಅವರು ನನ್ನನ್ನು ಮ್ಯಾನೇಜರ್ರೇ ಅಂತಲೇ ಕರೆದರು, ಅದು ಬೇರೆ ಮಾತು. ನೋಡಿದರೆ ಪಿಂಚಣಿ ಒಂದೇ ತಿಂಗಳಲ್ಲಿ ಬಹಳ ಇಳಿದಿತ್ತು. ಯಾರೂ ತಿಂದಿರಲಿಲ್ಲ. ನಿವೃತ್ತ ಸೈನಿಕ ತೀರಿಕೊಂಡರೆ ಕುಟುಂಬಕ್ಕೆ ಮೊದಲ ಏಳು ವರ್ಷ ಜಾಸ್ತಿ ದರ. ಆತ ಬದುಕಿದ್ದರೆ 67 ತುಂಬುತ್ತಿದ್ದ ದಿನ ಅದಕ್ಕೂ ಮೊದಲು ಬಂದರೆ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಕೊನೆಯ ಸಂಬಳದ ಶೇಕಡಾ 30ಕ್ಕೆ ಇಳಿಯುತ್ತದೆ. ಇದು ನಿಯಮ. ಆದರೆ ಇಳಿಯುತ್ತದೆ ಅಂತ ಆ ತಾಯಿಗೆ ಮೊದಲೇ ಹೇಳಿದವರು ಯಾರೂ ಇಲ್ಲ. ಅವರು ಆ ಹಣದ ಲೆಕ್ಕದ ಮೇಲೆ ಮಗಳ ಮದುವೆ ಸಾಲ ಮಾಡಿದ್ದರು. ಅಜ್ಜ ನಿಯಮವನ್ನು ನನ್ನಿಂದ ಎರಡು ಸಲ ಓದಿಸಿದರು. ಸುಮ್ಮನೆ ಎದ್ದು ಹೋದರು. ಮುಂದಿನ ವಾರ ಒಂದು ನೋಟ್‌ಬುಕ್ ತಂದರು. ಅದರಲ್ಲಿ ಸುತ್ತಲಿನ ಊರುಗಳ ವಿಧವೆಯರ ಹೆಸರು, ಗಂಡ ಸತ್ತ ದಿನ, ದರ ಇಳಿಯುವ ತಿಂಗಳು. ಆ ತಿಂಗಳಿಗೆ ಒಂದು ವರ್ಷ ಮೊದಲೇ ಅವರ ಮನೆಗೆ ಹೋಗಿ 'ಯಮ್ಮಾ, ಮುಂದಿನ ವರ್ಷದಿಂದ ಕಮ್ಮಿ ಬರ್ತೈತೆ, ಸಾಲ ಮಾಡ್ಬೇಡ' ಅಂತ ಹೇಳಿ ಬರುತ್ತಿದ್ದರು. ಇದನ್ನು ಮಾಡು ಅಂತ ಯಾವ ಸರ್ಕಾರವೂ ಅವರಿಗೆ ಹೇಳಿರಲಿಲ್ಲ.

ನವೆಂಬರ್ ಬಂದರೆ ನಮ್ಮ ಕೌಂಟರಿನ ಮುಂದೆ ಜಾತ್ರೆ. ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಅಂತ ಸಾಕ್ಷಿ ಕೊಡಬೇಕಲ್ಲ. 2014ರಲ್ಲಿ ಜೀವನ್ ಪ್ರಮಾಣ್ ಬಂತು, ಬೆರಳು ಒತ್ತಿದರೆ ಸಾಕು ಅಂದರು. ಈರುಳ್ಳಿ ಕಿತ್ತು, ಕಳೆ ಕಿತ್ತು ಸವೆದ ಬೆರಳಿಗೆ ಯಂತ್ರ ಒಪ್ಪಬೇಕಲ್ಲ! ಹಾಸಿಗೆ ಹಿಡಿದವರ ಮನೆಗೆ ಅಜ್ಜ ನಮ್ಮನ್ನು ಎಳೆದುಕೊಂಡು ಹೋಗುತ್ತಿದ್ದರು. ಬರುವುದಿಲ್ಲ ಅಂದ ಸಿಬ್ಬಂದಿಗೆ ಬಯ್ಯುತ್ತಿರಲಿಲ್ಲ. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಿದ್ದರು, ಬ್ಯಾಂಕು ಮುಚ್ಚುವವರೆಗೆ.

ಒಂದು ಕೆಲಸ ಅವರಿಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟಿತು ಅಂತ ನನ್ನ ಭಾವನೆ. ನಾಯಕ್ ದರ್ಜೆಯ ಒಬ್ಬ ಮಾಜಿ ಸೈನಿಕ ಮತ್ತು ಅವರ ಹೆಂಡತಿ ಇಬ್ಬರೂ ವಯಸ್ಸಾದವರು. ಬುದ್ಧಿ ಬೆಳೆಯದ ಒಬ್ಬ ಮಗ, ನಲವತ್ತು ದಾಟಿದವನು. ನಾವಿಬ್ಬರೂ ಹೋದ ಮೇಲೆ ಇವನ ಗತಿ ಏನು ಅನ್ನುವುದೇ ಅವರ ಚಿಂತೆ. ದುಡಿದು ತಿನ್ನಲು ಆಗದ ಅಂಗವಿಕಲ ಮಗುವಿಗೆ ಜೀವನಪೂರ್ತಿ ಕುಟುಂಬ ಪಿಂಚಣಿ ಸಿಗುತ್ತದೆ ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ತಂದೆ ತಾಯಿ ಬದುಕಿರುವಾಗಲೇ ಆ ಹೆಸರು ಸೇರಿಸಿಬಿಟ್ಟರೆ ಮುಂದೆ ಸುಲಭ. ಜಿಲ್ಲಾಸ್ಪತ್ರೆಯ ಸರ್ಟಿಫಿಕೇಟಿನಿಂದ ಹಿಡಿದು ಪಿಪಿಓದಲ್ಲಿ, ಅಂದರೆ ಪಿಂಚಣಿ ಪಾವತಿ ಆದೇಶದಲ್ಲಿ, ಹೆಸರು ಬೀಳುವವರೆಗೆ ಅಜ್ಜ ಬಿಡಲಿಲ್ಲ. ಹೆಸರು ಬಿದ್ದ ಕಾಗದ ಬಂದ ದಿನ ಆ ತಂದೆ ಅಜ್ಜನ ಕಾಲಿಗೆ ಬೀಳಲು ಬಂದರು. 'ಏ, ಸಲ್ಯೂಟ್ ಹೊಡಿ ಸಾಕು' ಅಂದರು ಅಜ್ಜ.

ಒಆರ್‌ಒಪಿ (ಒಂದೇ ರ‍್ಯಾಂಕಿಗೆ ಒಂದೇ ಪಿಂಚಣಿ) ಬಂದಾಗ ಬಾಕಿ ಹಣ ಪಿಂಚಣಿದಾರರಿಗೆ ನಾಲ್ಕು ಕಂತು, ವಿಧವೆಯರಿಗೆ ಒಂದೇ ಕಂತು ಅಂತ ಆಯಿತು. ಅಜ್ಜ ತಮ್ಮ ಕಂತು ನೋಡಿಕೊಳ್ಳಲಿಲ್ಲ, ನೋಟ್‌ಬುಕ್ ಹಿಡಿದು ಪಟ್ಟಿಯಲ್ಲಿರುವ ಎಲ್ಲ ಹೆಣ್ಣುಮಕ್ಕಳಿಗೂ ಪೂರ್ತಿ ಬಂತಾ ಅಂತ ಒಂದೊಂದಾಗಿ ಗುರುತು ಹಾಕುತ್ತಾ ಕೂತರು.

ಎಂಬತ್ತು ತುಂಬಿದವರಿಗೆ ಪಿಂಚಣಿ ಶೇಕಡಾ 20 ಜಾಸ್ತಿ, ತೊಂಬತ್ತಕ್ಕೆ 40, ನೂರಕ್ಕೆ ನೂರು. ಅಜ್ಜನ ದಾಖಲೆಯ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸಿದ ಮೇಷ್ಟ್ರು ಬರೆದದ್ದು, ನಮ್ಮಲ್ಲಿ ಅರ್ಧ ಜನರದು ಹಾಗೇ ಅಲ್ವಾ. ತೊಂಬತ್ತಾದಾಗ ಕೌಂಟರಿಗೆ ಬಂದು, ಅಷ್ಟು ಹೊತ್ತಿಗೆ ನಾನೂ ನಿವೃತ್ತ, ಹೊಸ ಹುಡುಗಿಗೆ ಹೇಳಿದರಂತೆ. 'ನೋಡಮ್ಮ, ನಾನು ಸಾಯ್ಲಿಲ್ಲ ಅಂತ ಸರ್ಕಾರ ಫೈನ್ ಕಟ್ತಾ ಐತೆ.'

ಅಜ್ಜಿ ಅವರಿಗಿಂತ ಹತ್ತು ವರ್ಷ ಮೊದಲೇ ಹೋದರು. ಕೊನೆಯ ಎರಡು ವರ್ಷ ಎದ್ದು ಓಡಾಡಲು ಆಗುತ್ತಿರಲಿಲ್ಲ. ಸೊಸೆಯರಿದ್ದರು, ಮಗಳಿದ್ದಳು, ಆದರೂ ಸ್ನಾನ ಮಾಡಿಸುವುದು, ರೊಟ್ಟಿ ಹಾಲಿನಲ್ಲಿ ನೆನೆಸಿ ತಿನ್ನಿಸುವುದು ಅಜ್ಜನದೇ. ತಲೆ ಬಾಚುವುದೂ ಅವರದೇ. 'ಇದೊಂದು ಕೆಲ್ಸ ಆಕೇನೇ ಕಲ್ಸಿದ್ದು' ಅನ್ನುತ್ತಿದ್ದರಂತೆ. ಅಜ್ಜಿ ಹೋದ ಮೇಲೆ ಸ್ವಲ್ಪ ದಿನ ಜಗಲಿಗೆ ಬರಲಿಲ್ಲ. ಆಮೇಲೆ ನವೆಂಬರ್ ಬಂತು, ಬಂದರು.

ಕೊನೆ ಕೊನೆಗೆ ಕಣ್ಣು ಮಂಜಾಗಿತ್ತು. ಪಿಂಚಣಿ ವ್ಯವಹಾರವೆಲ್ಲ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಹೋಯಿತು. ಪಾಸ್‌ವರ್ಡು, ಒಟಿಪಿ ಅಂದರೆ ಅಜ್ಜನಿಗೆ ಸಿಟ್ಟು. ಮೊಮ್ಮಗಳು ಕಂಪ್ಯೂಟರ್ ಮುಂದೆ ಕೂತಳು, ಅಜ್ಜ ಪಕ್ಕದಲ್ಲಿ ಕೂತು ನೋಟ್‌ಬುಕ್ಕಿನ ಹೆಸರು ಹೇಳಿದರು. ಹೀಗೆ ಎರಡು ಚಳಿಗಾಲ ನಡೆಯಿತು. ಜಡೆಯ ಗಂಟು ಬಿಚ್ಚಲು ಒದ್ದಾಡುತ್ತಿದ್ದ ಹುಡುಗಿಯರಲ್ಲಿ ಇವಳೂ ಒಬ್ಬಳು. ಈಗ ಆ ನೋಟ್‌ಬುಕ್ ಅವಳ ಹತ್ತಿರ ಇದೆ. ಅದರಲ್ಲಿ ಇನ್ನೂ ಗುರುತು ಬೀಳದ ಹೆಸರುಗಳಿವೆ.

ಹಾಗಾಗಿ ಮಾತು ನಿಲ್ಲಿಸುವ ಮೊದಲು ಒಂದು ಪ್ರಕಟಣೆ. ಹಿಂದಿನ ಬಾಗಿಲ ಪಕ್ಕ ಒಂದು ಟೇಬಲ್ ಹಾಕಿದ್ದೇವೆ. ಮೊಮ್ಮಗಳು ಲ್ಯಾಪ್‌ಟಾಪ್ ತಂದಿದ್ದಾಳೆ, ನಾನೂ ಕೂರುತ್ತೇನೆ. ಪಿಪಿಓ, ಡಿಸ್ಚಾರ್ಜ್ ಬುಕ್, ಆಧಾರ್ ತಂದಿರುವವರು ಬನ್ನಿ, ಮೂರರಲ್ಲೂ ಹೆಸರು, ಹುಟ್ಟಿದ ದಿನ ಹೊಂದುತ್ತದಾ ನೋಡೋಣ. ತರದವರು ಫೋನ್ ನಂಬರ್ ಬರೆಸಿ ಹೋಗಿ. ಈಗ ಸೇವೆಯಲ್ಲಿರುವ ಹುಡುಗರ ಅಪ್ಪ ಅಮ್ಮಂದಿರು ಇದ್ದರೆ, ಮಗನಿಗೆ ಇವತ್ತೇ ಫೋನ್ ಮಾಡಿ, ಪಾರ್ಟ್ ಟೂ ಆರ್ಡರ್ ಆಗಿದೆಯಾ ಅಂತ ಕೇಳಿ. ಎಳ್ಳು ಬೆಲ್ಲ, ಟೀ ಎಡಗಡೆ ಇದೆ. ಮೊದಲು ಟೀ ಕುಡಿಯಿರಿ, ಸಾಲು ಉದ್ದ ಆಗುತ್ತದೆ.